ಫಿಸಿಯೋಗಳೇ, ನಿಮಗೂ ಒಂದು ಡೋಸ್ ಬರೆದುಕೊಳ್ಳಿ: ಕೆಲಸದ ನಡುವೆ ವ್ಯಾಯಾಮದ ಅಭ್ಯಾಸ ಕಟ್ಟುವ ಸಮಗ್ರ ಮಾರ್ಗದರ್ಶಿ

"ದಿನಾ ಅರ್ಧ ಗಂಟೆ ನಡೀರಿ ಅಮ್ಮ" ಅಂತ ಬೆಳಗ್ಗೆಯಿಂದ ರಾತ್ರಿವರೆಗೆ ಹೇಳುವವರು ನಾವು, ಫಿಸಿಯೋಥೆರಪಿಸ್ಟ್‌ಗಳು. ನಾವೇ ನಡೆಯುವುದಿಲ್ಲ. ಗೊತ್ತಿಲ್ಲದೆ ಅಲ್ಲ, ಸೋಮಾರಿತನವೂ ಅಲ್ಲ. ಶುರು ಮಾಡುತ್ತೇವೆ, ಮೂರನೇ ವಾರಕ್ಕೆ ನಿಲ್ಲುತ್ತದೆ. ಯುಗಾದಿ ಬಂದಾಗ ಮತ್ತೆ ಶುರು.

ಬೆಂಗಳೂರಿನ ಆಸ್ಪತ್ರೆ, ಕ್ಲಿನಿಕ್, ಹೋಮ್ ವಿಸಿಟ್‌ಗಳಲ್ಲಿ ದುಡಿಯುವ ಫಿಸಿಯೋಗಳಲ್ಲಿ ನಾನು ಕಂಡ ಹಾಗೆ ಎಡವಟ್ಟು ಆಗುವುದು ಕ್ರಮದಲ್ಲಿ. ಮೊದಲ ದಿನವೇ ಬೆಳಗ್ಗೆ 5ಕ್ಕೆ ಎದ್ದು ಓಟ. ಅಳತೆ ಇಲ್ಲ. ಬಲದ ವ್ಯಾಯಾಮ "ಆಮೇಲೆ ನೋಡೋಣ". ಪೇಷೆಂಟ್‌ಗೆ ಹೀಗೆ ಮಾಡ್ತೀವಾ? ಅಸೆಸ್‌ಮೆಂಟ್ ಇಲ್ಲದೆ ಎಕ್ಸರ್‌ಸೈಜ್ ಬರೆದುಕೊಟ್ಟ ಇಂಟರ್ನ್‌ಗೆ ಬೈಯುತ್ತೇವೆ, ಅಲ್ವಾ? ಅದೇ ನಿಯಮ ನಮಗೂ ಹಾಕಿಕೊಳ್ಳೋಣ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಾರಿಸಬೇಡಿ.

## ಗುರಿ ಎಷ್ಟು, ಸಾಮಾನು ಏನು

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಸಾಕು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರು ಶ್ರಮ, ಇಲ್ಲವೇ ಎರಡೂ ಬೆರೆಸಿ. ಅದರ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ದೊಡ್ಡ ಸ್ನಾಯುಗಳಿಗೆಲ್ಲ ಬಲದ ವ್ಯಾಯಾಮ. "ಒಮ್ಮೆಗೆ 10 ನಿಮಿಷಕ್ಕಿಂತ ಕಡಿಮೆ ಮಾಡಿದರೆ ಲೆಕ್ಕಕ್ಕಿಲ್ಲ" ಅನ್ನುವ ಹಳೆಯ ಷರತ್ತು ಈಗ ಇಲ್ಲ. ಕಾಲೇಜಲ್ಲಿ ಹಳೆಯ ನೋಟ್ಸ್ ಓದಿದವರು ಇದನ್ನು ಇನ್ನೂ ಹಿಡಿದುಕೊಂಡಿದ್ದಾರೆ. ಬಿಟ್ಟುಬಿಡಿ. 6 ನಿಮಿಷದ ಚುರುಕು ನಡಿಗೆಯೂ ಲೆಕ್ಕಕ್ಕೆ ಬರುತ್ತದೆ.

ಬೇಕಾಗುವ ಸಾಮಾನು ಇಷ್ಟೇ: ಹೆಜ್ಜೆ ಎಣಿಸುವ ಫೋನ್ ಅಥವಾ ವಾಚು, ಒಂದು ಚಿಕ್ಕ ನೋಟ್‌ಬುಕ್, ಥೆರಾಬ್ಯಾಂಡ್ (ಎಳೆದು ವ್ಯಾಯಾಮ ಮಾಡುವ ರಬ್ಬರ್ ಪಟ್ಟಿ) ಒಂದು, ಭಾರ ತುಂಬಲು ಗಟ್ಟಿ ಬ್ಯಾಕ್‌ಪ್ಯಾಕ್, ತರಕಾರಿ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡು ನಾಲ್ಕಾರು. ಶೂ ಮಾತ್ರ ಎರಡು ಜೊತೆ ಇರಲಿ. ದಿನವಿಡೀ ಡ್ಯೂಟಿಯಲ್ಲಿ ಹಾಕಿದ ಶೂನಲ್ಲೇ ಸಂಜೆ ನಡೆಯುವುದರಿಂದ ಹಿಮ್ಮಡಿ ನೋವು ತಂದುಕೊಂಡವರು ನಮ್ಮಲ್ಲಿ ಜಾಸ್ತಿ. ಜಿಮ್ ಮೆಂಬರ್‌ಶಿಪ್ ಈಗಲೇ ಬೇಡ. 12 ವಾರ ಮುಗಿಸಿದ ಮೇಲೆ ಯೋಚಿಸಿ.

## ಹಂತ 1: ಒಂದು ವಾರ ಸುಮ್ನೆ ಅಳೆಯಿರಿ

ಈ ವಾರ ಏನನ್ನೂ ಬದಲಿಸಬೇಡಿ. ಬರೆಯುವುದಷ್ಟೇ ಕೆಲಸ.

ನೋಟ್‌ಬುಕ್ಕಿನ ಪುಟಕ್ಕೆ ಮೂರು ಕಾಲಂ ಹಾಕಿ: ಕೆಲಸದಲ್ಲಿ, ಓಡಾಟದಲ್ಲಿ, ನನಗಾಗಿ. ರಾತ್ರಿ ಮಲಗುವ ಮುಂಚೆ ಮೂರರಲ್ಲೂ ನಿಮಿಷ ತುಂಬಿ. ಪಕ್ಕದಲ್ಲಿ ಕೂತಿದ್ದ ಗಂಟೆ ಎಷ್ಟು ಅಂತಲೂ ಬರೆಯಿರಿ.

ಮೂರು ಕಾಲಂ ಯಾಕೆ ಅಂದರೆ, ನಮ್ಮ ಕೈಗೆ ಸುಲಭವಾಗಿ ಸಿಗುವ ಪ್ರಶ್ನಾವಳಿ ಐಪ್ಯಾಕ್‌ನ (ದೈಹಿಕ ಚಟುವಟಿಕೆ ಅಳೆಯುವ ಅಂತರರಾಷ್ಟ್ರೀಯ ಪ್ರಶ್ನಾವಳಿ) ಚಿಕ್ಕ ಆವೃತ್ತಿ. ಅದರಲ್ಲಿರುವುದು 7 ಪ್ರಶ್ನೆ, ಕಳೆದ 7 ದಿನದ ಬಗ್ಗೆ. ಅದು ಕೆಲಸ, ಮನೆ, ಬಿಡುವು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. ಲೆಕ್ಕ ಹೀಗೆ: ನಡಿಗೆಗೆ 3.3, ಮಧ್ಯಮಕ್ಕೆ 4, ಜೋರಿಗೆ 8 ಮೆಟ್ (ಸುಮ್ಮನೆ ಕೂತಾಗಿನ ಎಷ್ಟು ಪಟ್ಟು ಶಕ್ತಿ ಖರ್ಚು ಅನ್ನುವ ಅಳತೆ). ಅದನ್ನು ನಿಮಿಷಕ್ಕೂ ದಿನಕ್ಕೂ ಗುಣಿಸಬೇಕು. ಈಗ ಒಬ್ಬ ಸ್ಟಾಫ್ ಫಿಸಿಯೋ ವಾರ್ಡಿನ ಓಡಾಟವನ್ನೆಲ್ಲ ನಡಿಗೆ ಅಂತ ಬರೆದರು ಅಂದುಕೊಳ್ಳಿ. ದಿನಕ್ಕೆ 180 ನಿಮಿಷದ ಮಿತಿ ಹಾಕಿದರೂ 6 ದಿನಕ್ಕೆ 3564 ಮೆಟ್-ನಿಮಿಷ ಆಗುತ್ತದೆ. ಭಾನುವಾರ ಮನೆ ನೆಲ ಒರೆಸಿದ್ದನ್ನೂ ಒಂದು ದಿನದ ಮಧ್ಯಮ ಶ್ರಮ ಅಂತ ಸೇರಿಸಿದರೆ ನೇರ "ಹೈ", ಅಂದರೆ ಅತಿ ಚಟುವಟಿಕೆಯವರ ಗುಂಪಿಗೆ! ಅದೇ ಮನುಷ್ಯನನ್ನು ಮೆಟ್ರೋ ಮೆಟ್ಟಿಲು ಹತ್ತಿಸಿ ನೋಡಿ, ಎರಡನೇ ಅಂತಸ್ತಿಗೆ ರೇಲಿಂಗ್ ಹುಡುಕುತ್ತಾರೆ.

ಕೆಲಸದ ಕಾಲಂ ಖಾಲಿ ಬಿಡಿ ಅಂತ ಹೇಳುತ್ತಿಲ್ಲ. ಸ್ಟ್ರೋಕ್ ಪೇಷೆಂಟನ್ನು ಹಾಸಿಗೆಯಿಂದ ಕುರ್ಚಿಗೆ ದಾಟಿಸುವುದು, ಪ್ಯಾರಲಲ್ ಬಾರ್‌ನಲ್ಲಿ ಜೊತೆಗೆ ನಡೆಸುವುದು ನಿಜವಾದ ಶ್ರಮವೇ. ಆದರೆ ಅದರಲ್ಲಿ ವಾರ್ಮಪ್ ಇಲ್ಲ, ಹಂತಹಂತವಾಗಿ ಏರಿಕೆ ಇಲ್ಲ, ನಡುವೆ ಬಿಡುವು ಇಲ್ಲ. ಉಳಿದ ಹೊತ್ತು ನಿಂತಲ್ಲೇ ಬಗ್ಗಿರುತ್ತೇವೆ. ಬಿಡುವಿನ ವೇಳೆಯ ವ್ಯಾಯಾಮ ಹೃದಯಕ್ಕೆ ಕೊಡುವ ಲಾಭ, ದುಡಿಮೆಯ ಭಾರೀ ಶ್ರಮದಿಂದ ಅಷ್ಟಾಗಿ ಸಿಗುವುದಿಲ್ಲ ಅನ್ನುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಸುಲಭ ಪರೀಕ್ಷೆ ಬೇಕಾದರೆ ಮಾತಿನ ಪರೀಕ್ಷೆ ಮಾಡಿ. ಮಾತಾಡಬಹುದು ಆದರೆ ಹಾಡಲು ಆಗುವುದಿಲ್ಲ ಅಂದರೆ ಅದು ಮಧ್ಯಮ. ನಾಲ್ಕು ಪದಕ್ಕೇ ಉಸಿರು ಬೇಕಾದರೆ ಜೋರು. ಭುಜಕ್ಕೆ ಅಲ್ಟ್ರಾಸೌಂಡ್ ಹಿಡಿದು ಹಾಡು ಗುನುಗುತ್ತಿದ್ದರೆ ಎರಡೂ ಅಲ್ಲ.

ಇಲ್ಲಿ ಆಗುವ ತಪ್ಪು: ಹೆಜ್ಜೆಯ ಒಟ್ಟು ಸಂಖ್ಯೆ ನೋಡಿ ಖುಷಿಪಡುವುದು. ಬೆಡ್‌ನಿಂದ ಬೆಡ್‌ಗೆ ಹಾಕಿದ 9 ಸಾವಿರ ಹೆಜ್ಜೆಯಲ್ಲಿ ಚುರುಕಾದವು ಎಷ್ಟು? ವಾಚಿನಲ್ಲಿ ನಿಮಿಷವಾರು ಗ್ರಾಫ್ ಇದ್ದರೆ ನೋಡಿ. ಸಾಮಾನ್ಯವಾಗಿ ನಿಮಿಷಕ್ಕೆ 100 ಹೆಜ್ಜೆ ದಾಟಿದರೆ ಮಧ್ಯಮ ಅಂತ ತಿಳಿಯಬಹುದು.

## ಹಂತ 2: ನಿಮ್ಮನ್ನೇ ಪೇಷೆಂಟ್ ಅಂದುಕೊಂಡು ಪರೀಕ್ಷಿಸಿ

ಅರ್ಧ ಗಂಟೆ ಸಾಕು. ಒಬ್ಬ ಸಹೋದ್ಯೋಗಿಯನ್ನು ಕೂರಿಸಿಕೊಳ್ಳಿ. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಫಿಸಿಯೋ ಎಲ್ಲವನ್ನೂ "ನಾರ್ಮಲ್" ಅಂತಲೇ ಬರೆಯುತ್ತಾನೆ.

ಮೊದಲು ಪಾರ್-ಕ್ಯೂ ಪ್ಲಸ್ (ವ್ಯಾಯಾಮ ಶುರು ಮಾಡುವುದು ಸುರಕ್ಷಿತವೇ ಅಂತ ನೋಡುವ ಪ್ರಶ್ನಾವಳಿ) ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಬಿಪಿ, ಕೂತಾಗಿನ ನಾಡಿ ಬರೆದಿಡಿ. ಆಮೇಲೆ ದೇಹದ ಚಿತ್ರದ ಮೇಲೆ ನೋವಿನ ಜಾಗ ಗುರುತು ಮಾಡಿ. ಕೆಳಬೆನ್ನು, ಕುತ್ತಿಗೆ, ಹೆಬ್ಬೆರಳಿನ ಬುಡ, ಮಣಿಕಟ್ಟು ಈ ನಾಲ್ಕನ್ನು ಬಿಡದೆ ಕೇಳಲಿ. ನಮ್ಮ ವೃತ್ತಿ ಹೊಡೆಯುವುದು ಅಲ್ಲೇ.

ಕೊನೆಗೆ ಮೂರು ಅಳತೆ: 30 ಸೆಕೆಂಡಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತೀರಿ, ಎಷ್ಟು ಪುಷ್‌ಅಪ್, ಒಂಟಿ ಕಾಲಲ್ಲಿ ಎಷ್ಟು ಸಲ ಹಿಮ್ಮಡಿ ಎತ್ತುತ್ತೀರಿ. ನೋವಿನ ಜಾಗಕ್ಕೆ ಭಾರ ಬೀಳುವ ಅಳತೆ ಬಿಡಿ. ತಾರೀಖು ಹಾಕಿ ಇಟ್ಟುಕೊಳ್ಳಿ. 12 ವಾರದ ನಂತರ ಮತ್ತೆ ಬೇಕು.

40 ದಾಟಿದ್ದು ಸಕ್ಕರೆ ಕಾಯಿಲೆಯೋ ಬಿಪಿಯೋ ಇದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿದ್ದರೆ, ಜೋರು ಶ್ರಮ ಶುರು ಮಾಡುವ ಮುಂಚೆ ಫಿಸಿಷಿಯನ್ ಹತ್ತಿರ ಹೋಗಿ ಬನ್ನಿ. ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದ್ದು ಲೆಕ್ಕಕ್ಕಿಲ್ಲ.

## ಹಂತ 3: ಡ್ಯೂಟಿ ನೋಡಿ ಹೊತ್ತು ಹಿಡಿಯಿರಿ

ಹೆಚ್ಚಿನವರು ಕೈಬಿಡುವುದು ಈ ಹಂತದಲ್ಲೇ. ಕಾರಣ, ಎಲ್ಲರೂ ಬೆಳಗ್ಗೆ 5 ಗಂಟೆಯನ್ನೇ ಹಿಡಿಯುತ್ತಾರೆ. ರಾತ್ರಿ 8.30ಕ್ಕೆ ಕ್ಲಿನಿಕ್ ಮುಚ್ಚಿ, ಟಿನ್ ಫ್ಯಾಕ್ಟರಿ ಟ್ರಾಫಿಕ್ ದಾಟಿ, ಮನೆಗೆ ಬಂದು ಕುಕ್ಕರ್ ಕೂಗಿಸಿ ಮಲಗುವ ಹೊತ್ತಿಗೆ 12. ಅಂಥವರಿಗೆ 5ರ ಅಲಾರಂ ಎಷ್ಟು ದಿನ ನಡೆದೀತು?

ಆಸ್ಪತ್ರೆ ಶಿಫ್ಟ್ ಇದ್ದವರು (9ರಿಂದ 5ರ ಆಸುಪಾಸು): ಡ್ಯೂಟಿ ಮುಗಿದ ಮೇಲೆ, ಮನೆ ಸೇರುವ ಮುಂಚೆ ಹೊತ್ತು ಹಿಡಿಯಿರಿ. ಮನೆಗೆ ಹೋಗಿ ಬಟ್ಟೆ ಬದಲಿಸಿ ಮತ್ತೆ ಹೊರಡುತ್ತೇನೆ ಅನ್ನುವವರು ಹೊರಡುವುದಿಲ್ಲ. ಬೇರೆ ಶೂ, ಟೀ ಶರ್ಟ್ ಲಾಕರ್‌ನಲ್ಲೇ ಇರಲಿ.

ಎರಡು ಹೊತ್ತಿನ ಕ್ಲಿನಿಕ್ ಇದ್ದವರು: ನಿಮಗೆ ಮಧ್ಯಾಹ್ನ 1ರಿಂದ 4 ಬಿಡುವು. ಆದರೆ ಆ ಹೊತ್ತಲ್ಲಿ ಬಿಸಿಲು. ಕೆಲವು ಕೆರೆ ದಂಡೆ, ಬಡಾವಣೆ ಪಾರ್ಕುಗಳಿಗೆ ಬೀಗವೂ ಇರಬಹುದು. ಹಾಗಾಗಿ ನಡಿಗೆಯ ಆಸೆ ಬಿಟ್ಟು, ಬಲದ ವ್ಯಾಯಾಮವನ್ನು ಅಲ್ಲೇ ಮಾಡಿ. ಡಂಬೆಲ್, ವೇಟ್ ಕಫ್, ಸ್ವಿಸ್ ಬಾಲ್, ಮ್ಯಾಟ್ ಎಲ್ಲ ಕಣ್ಣೆದುರೇ ಇದೆ. ಊಟ ಆಮೇಲೆ.

ಹೋಮ್ ವಿಸಿಟ್ ಮಾಡುವವರು: ನಿಮ್ಮದು ಕಷ್ಟದ ಕೇಸ್. ದಿನವೆಲ್ಲ ಸ್ಕೂಟರ್ ಮೇಲೆ, ಹೆಲ್ಮೆಟ್ಟಿನಡಿ ಕುತ್ತಿಗೆ, ನಡುವೆ ಕೆಳಮಟ್ಟದ ಮಂಚದ ಮೇಲೆ ಬಗ್ಗಿ ಕೆಲಸ. ಒಂದು ಉಪಾಯ ಕೆಲಸ ಮಾಡುತ್ತದೆ: ವಾರಕ್ಕೆ 3 ದಿನ, ಮೊದಲ ವಿಸಿಟ್‌ನ ಏರಿಯಾದಲ್ಲೇ 30 ನಿಮಿಷ ಮುಂಚೆ ತಲುಪಿ ಅಲ್ಲಿನ ಪಾರ್ಕಿನಲ್ಲಿ ನಡೆಯಿರಿ. ಟ್ರಾಫಿಕ್ ಏರುವ ಮುಂಚೆ ಹೊರಟಿದ್ದಕ್ಕೆ ಪೆಟ್ರೋಲ್ ಕೂಡ ಉಳಿಯುತ್ತದೆ. ಅಪಾರ್ಟ್‌ಮೆಂಟಿನಲ್ಲಿ 4 ಮಹಡಿವರೆಗೆ ಲಿಫ್ಟ್ ಬೇಡ.

ಯಾವ ಗುಂಪಿನವರೇ ಆಗಲಿ, ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಿ ನಿಮ್ಮ ಹೆಸರಲ್ಲೇ ಒಂದು ಸಿಟಿಂಗ್ ಬರೆಯಿರಿ. ರಿಸೆಪ್ಷನ್‌ನಲ್ಲಿ ಕೂತವರಿಗೂ ಹೇಳಿಡಿ. "ಮೇಡಂ, ಒಬ್ಬರು ಬಂದಿದ್ದಾರೆ, ಐಎಫ್‌ಟಿ ಒಂದೇ, ಬೇಗ ಮುಗೀತದೆ" ಅಂತ (ಐಎಫ್‌ಟಿ ಅಂದರೆ ನೋವಿಗೆ ಕೊಡುವ ಕರೆಂಟ್ ಚಿಕಿತ್ಸೆ) ಕರೆ ಬಂದೇ ಬರುತ್ತದೆ. ಪುಸ್ತಕದಲ್ಲಿ ಬರೆದಿದ್ದರೆ ಇಲ್ಲ ಅನ್ನುವುದು ಸುಲಭ.

## ಹಂತ 4: ಬಲದ ವ್ಯಾಯಾಮವೇ ಮೊದಲು

ಓಟ, ನಡಿಗೆ ಬಿಟ್ಟು ಇದರಿಂದ ಯಾಕೆ ಶುರು ಅಂತ ಕೇಳಬಹುದು. ನಮ್ಮ ಬೆನ್ನು, ಮಣಿಕಟ್ಟು ದಿನಾ ಭಾರ ಹೊರುತ್ತವೆ. ಅವುಗಳ ತಾಕತ್ತು ಹೆಚ್ಚಿಸದೆ ಅದರ ಮೇಲೆ ಓಟವನ್ನೂ ಹೇರಿದರೆ ನೋವು ಬರುತ್ತದೆ, ನೋವು ಬಂದರೆ ಎಲ್ಲವೂ ನಿಲ್ಲುತ್ತದೆ. ಇನ್ನೊಂದು ಕಾರಣ, ಇದಕ್ಕೆ ವಾರಕ್ಕೆ 2 ದಿನ, 25 ನಿಮಿಷ ಸಾಕು. ಮಳೆ ಬಂದರೂ ನಡೆಯುತ್ತದೆ.

ಎರಡು ದಿನದ ನಡುವೆ ಕನಿಷ್ಠ 48 ಗಂಟೆ ಬಿಡಿ. ಐಸಿಯು ಅಥವಾ ನ್ಯೂರೋ ವಾರ್ಡಿನಲ್ಲಿ ಪೇಷೆಂಟ್‌ಗಳನ್ನು ಎತ್ತಿ ಇಳಿಸಿದ ದಿನದ ಸಂಜೆ ಬೇಡ. ಹಗುರ ದಿನ ನೋಡಿ ಇಟ್ಟುಕೊಳ್ಳಿ.

1. ವಾರ್ಮಪ್, 4 ನಿಮಿಷ. ನಿಂತಲ್ಲೇ ಚುರುಕು ನಡಿಗೆ, ಕೈ ಸುತ್ತು, ಭಾರ ಇಲ್ಲದ ಸ್ಕ್ವಾಟ್.

2. ಸೊಂಟದಿಂದ ಬಗ್ಗಿ ಭಾರ ಎತ್ತುವುದು. ಬ್ಯಾಕ್‌ಪ್ಯಾಕಿಗೆ 5 ಕಿಲೋ ಅಕ್ಕಿಯ ಎರಡು ಪೊಟ್ಟಣ ಹಾಕಿ ಶುರು ಮಾಡಿ. ನೀವು ಪೇಷೆಂಟನ್ನು ಎತ್ತುವ ಚಲನೆ ಇದೇ. ಇದು ಒಂದನ್ನೇ ಮಾಡಿದರೂ ಬೆನ್ನಿಗೆ ಪುಣ್ಯ.

3. ಭಾರ ಎದೆಗೆ ಹಿಡಿದು ಸ್ಕ್ವಾಟ್. ಕುರ್ಚಿ ಹಿಂದೆ ಇರಲಿ.

4. ಥೆರಾಬ್ಯಾಂಡ್ ಎಳೆಯುವುದು. ಗಟ್ಟಿ ಕಿಟಕಿ ಸರಳಿಗೆ ಕಟ್ಟಿ, ಮೊಣಕೈ ಹಿಂದಕ್ಕೆ. ದಿನವಿಡೀ ಮುಂದಕ್ಕೆ ಬಾಗಿದ ಭುಜಕ್ಕೆ ಇದು ಬೇಕೇ ಬೇಕು. ಹಳೆಯ ಬ್ಯಾಂಡಿನಲ್ಲಿ ಸೀಳು ಇದೆಯಾ ನೋಡಿ. ಮುಖಕ್ಕೆ ಹೊಡೆದರೆ ಕಣ್ಣಿಗೆ ಅಪಾಯ.

5. ಪುಷ್‌ಅಪ್. ನೆಲದ ಮೇಲೆ ಆಗದಿದ್ದರೆ ಟ್ರೀಟ್‌ಮೆಂಟ್ ಕೌಚಿನ ಅಂಚಿಗೆ ಕೈ ಇಟ್ಟು ಮಾಡಿ. ಚಕ್ರಕ್ಕೆ ಲಾಕ್ ಹಾಕಿ. ಮಣಿಕಟ್ಟು ನೋವಿದ್ದರೆ ಮುಷ್ಟಿ ಬಿಗಿದು ಮಾಡಿ.

6. ಹಿಮ್ಮಡಿ ಎತ್ತುವುದು, ಒಂದೊಂದೇ ಕಾಲಲ್ಲಿ.

7. ಬೆರಳು ಬಿಡಿಸುವುದು. ಐದೂ ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸಿ, 15 ಸಲ. ಆಮೇಲೆ ಮಣಿಕಟ್ಟಿಗೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ನಿಧಾನವಾಗಿ ಇಳಿಸುವುದು. ದಿನವಿಡೀ ಒತ್ತುವ ಕೆಲಸವನ್ನೇ ಮಾಡುವ ಕೈಗೆ ಮತ್ತೆ ಸ್ಮೈಲಿ ಬಾಲ್ ಹಿಚುಕಿಸಬೇಡಿ, ಬಿಡಿಸುವ ಕೆಲಸ ಕೊಡಿ.

2ರಿಂದ 6ರವರೆಗಿನ ಪ್ರತಿಯೊಂದಕ್ಕೂ 2 ಸೆಟ್, 8ರಿಂದ 12 ಸಲ. ನಿಲ್ಲಿಸಿದಾಗ ಇನ್ನೂ 2 ಅಥವಾ 3 ಸಲ ಮಾಡಬಹುದಿತ್ತು ಅನಿಸಬೇಕು. ಇನ್ನೂ 10 ಮಾಡಬಹುದಿತ್ತು ಅನಿಸಿದರೆ ಭಾರ ಕಡಿಮೆ.

ಇಲ್ಲಿ ಆಗುವ ತಪ್ಪು: ಫಿಸಿಯೋಗಳು ತಮಗೆ ಪೇಷೆಂಟಿನ ವ್ಯಾಯಾಮವನ್ನೇ ಕೊಟ್ಟುಕೊಳ್ಳುತ್ತಾರೆ. ಸ್ಟ್ಯಾಟಿಕ್ ಕ್ವಾಡ್ಸ್ (ಕಾಲು ಚಾಚಿ ತೊಡೆ ಬಿಗಿಯುವುದು), ಪೆಲ್ವಿಕ್ ಬ್ರಿಡ್ಜ್ (ಮಲಗಿ ಸೊಂಟ ಎತ್ತುವುದು), ಹಗುರವಾದ ಹಳದಿ ಬ್ಯಾಂಡ್. ಆಪರೇಷನ್ ಆದ ಮೂರನೇ ದಿನಕ್ಕೆ ಅದು ಸರಿ. ದಿನಕ್ಕೆ 15 ಜನರನ್ನು ನೋಡುವ ಆರೋಗ್ಯವಂತರಿಗೆ ಅದು ಡೋಸೇ ಅಲ್ಲ. ಇನ್ನು ಕೆಲವರು ಪೇಷೆಂಟ್‌ಗೆ ಮಾಡಿ ತೋರಿಸಿದ್ದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಮೂರು ಸ್ಕ್ವಾಟ್ ಮಾಡಿ ತೋರಿಸಿದರೆ ಅದು ತೋರಿಸಿದ್ದು, ಅಷ್ಟೇ.

## ಹಂತ 5: ನಡಿಗೆಯನ್ನು ಓಡಾಟಕ್ಕೆ ಸಿಕ್ಕಿಸಿ

ಬಲದ ವ್ಯಾಯಾಮ 2 ವಾರ ತಪ್ಪದೆ ನಡೆದ ಮೇಲೆ ಇದನ್ನು ಸೇರಿಸಿ. ಮೊದಲ ಗುರಿ ವಾರಕ್ಕೆ 60 ನಿಮಿಷ ಚುರುಕು ನಡಿಗೆ. 15 ನಿಮಿಷದಂತೆ 4 ದಿನ.

ಮೆಟ್ರೋದಲ್ಲಿ ಓಡಾಡುವವರಿಗೆ ಅನುಕೂಲ ಜಾಸ್ತಿ. ಮೆಜೆಸ್ಟಿಕ್‌ನಲ್ಲಿ ನೇರಳೆಯಿಂದ ಹಸಿರು ಲೈನಿಗೆ, ಆರ್.ವಿ. ರೋಡಿನಲ್ಲಿ ಹಸಿರಿನಿಂದ ಹಳದಿಗೆ ಬದಲಿಸುವಾಗ ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹಿಡಿಯಿರಿ. ಮೆಟ್ಟಿಲು ಹತ್ತುವುದು ಹೆಚ್ಚಿನವರಿಗೆ ಜೋರು ಶ್ರಮ. ಅದರ 1 ನಿಮಿಷ ಸುಮಾರಾಗಿ ಮಧ್ಯಮದ 2 ನಿಮಿಷಕ್ಕೆ ಸಮ. ಒಂದು ಸ್ಟೇಷನ್ ಮೊದಲೇ ಇಳಿದು ನಡೆಯುವುದೂ ಒಳ್ಳೆಯದೇ. ಆದರೆ ಆ ದಾರಿಯನ್ನು ಮೊದಲು ಒಮ್ಮೆ ಹಗಲಲ್ಲಿ ನಡೆದು ನೋಡಿ. ಎಲ್ಲಿ ಕಲ್ಲುಚಪ್ಪಡಿ ಎದ್ದಿದೆ, ಎಲ್ಲಿ ಫುಟ್‌ಪಾತ್ ದಿಢೀರನೆ ಮುಗಿಯುತ್ತದೆ ಅಂತ ಗೊತ್ತಿರಲಿ. ಪಾದ ಉಳುಕಿಸಿಕೊಂಡ ಫಿಸಿಯೋಗೆ ಸಿಗುವ ಸಲಹೆಗಳನ್ನು ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಲಾಲ್‌ಬಾಗ್, ಕಬ್ಬನ್ ಪಾರ್ಕ್, ಸ್ಯಾಂಕಿ ಕೆರೆ ಸುತ್ತ ನಡೆಯುವ ಅವಕಾಶ ಇದ್ದವರು ಪುಣ್ಯವಂತರು. ಅಲ್ಲಿ ಒಂದೇ ಎಚ್ಚರಿಕೆ: ನಾಲ್ಕು ಜನ ಸೇರಿ ಮಾತಾಡುತ್ತಾ ನಡೆದರೆ ವೇಗ ನಿಧಾನವಾಗುತ್ತಾ ಹೋಗಿ, ಕೊನೆಗೆ ದರ್ಶಿನಿಯಲ್ಲಿ ಬೈಟು ಕಾಫಿಗೆ ಮುಗಿಯುತ್ತದೆ. ಕಾಫಿ ಕುಡಿಯಿರಿ, ಬೇಡ ಅನ್ನುವುದಿಲ್ಲ. ವೇಗದ 15 ನಿಮಿಷ ಮೊದಲು ಮುಗಿಸಿ. ಬೆಳಕು ಹರಿಯುವ ಮುಂಚೆ ಒಂಟಿಯಾಗಿ ಬಡಾವಣೆ ರಸ್ತೆಯಲ್ಲಿ ಓಡಬೇಡಿ, ಬೀದಿನಾಯಿಗಳ ಕಾಟ ಇದೆ. ನಾಯಿ ಕಚ್ಚಿದರೆ ಅಥವಾ ಪರಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಲಸಿಕೆಗೆ ಹೋಗಿ.

ಸೆಪ್ಟೆಂಬರ್, ಅಕ್ಟೋಬರ್ ಸಂಜೆಗಳಲ್ಲಿ ಮಳೆ ಗ್ಯಾರಂಟಿ. ಆ ಎರಡು ತಿಂಗಳಿಗೆ ಒಳಗಡೆ ಮಾಡುವ ಬದಲಿ ಈಗಲೇ ಬರೆದಿಡಿ: ಆಸ್ಪತ್ರೆಯ ಮೆಟ್ಟಿಲು, ಇಲಾಖೆಯ ಸ್ಟ್ಯಾಟಿಕ್ ಸೈಕಲ್, ಹಗ್ಗದಾಟ. ಮಳೆ ಬಂದ ಮೇಲೆ ಯೋಚಿಸಿದರೆ ಬಜ್ಜಿಯೇ ನೆನಪಾಗುವುದು.

## ಹಂತ 6: ಏರಿಸುವುದು

ವಾರಕ್ಕೆ ಒಂದೇ ವಿಷಯ ಏರಿಸಿ. ನಡಿಗೆಗೆ 10ರಿಂದ 15 ನಿಮಿಷ ಸೇರಿಸಿದ ವಾರ ಬ್ಯಾಗಿನ ಭಾರ ಅಷ್ಟೇ ಇರಲಿ. ಎಲ್ಲ ಸೆಟ್ಟಲ್ಲೂ 12 ಸಲ ಆರಾಮಾಗಿ ಬಂದರೆ ಮುಂದಿನ ವಾರ 1 ಕಿಲೋ ಸೇರಿಸಿ. ಪ್ರತಿ 4ನೇ ವಾರ ಏನನ್ನೂ ಏರಿಸಬೇಡಿ. ಹೀಗೆ ಹೋದರೆ 12ನೇ ವಾರದ ಹೊತ್ತಿಗೆ 150 ನಿಮಿಷದ ಹತ್ತಿರ ಬರುತ್ತೀರಿ. ಹಂತ 2ರ ಮೂರು ಅಳತೆಗಳನ್ನು ಮತ್ತೆ ತೆಗೆದುಕೊಳ್ಳಿ, ಅದೇ ಸಹೋದ್ಯೋಗಿಯ ಎದುರಿಗೆ.

ಬೇಸಿಗೆಯಲ್ಲಿ ನಡೆಯುವ ಟೆನ್-ಕೆ ಓಟಕ್ಕೆ ಹೆಸರು ಕೊಡುವ ಆಸೆ ಬರುವುದು ಸಹಜ. 150 ನಿಮಿಷ ತಲುಪಿ, ಒಂದು ತಿಂಗಳು ಅದರಲ್ಲೇ ನಿಂತ ಮೇಲೆ ಕೊಡಿ. ಗೆಳೆಯರು ಕೊಟ್ಟರು ಅಂತ ಕೊಡಬೇಡಿ.

## ಎಚ್ಚರಿಕೆಯ ಗುರುತುಗಳು

ವ್ಯಾಯಾಮದ ವೇಳೆ ನೋವು 10ಕ್ಕೆ 3ರೊಳಗೆ ಇದ್ದು, ಮರುದಿನ ಬೆಳಗ್ಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಮುಂದುವರಿಸಿ. ಇಳಿಯದಿದ್ದರೆ ಭಾರ ಅರ್ಧ ಮಾಡಿ.

ಹೆಬ್ಬೆರಳಿನ ಬುಡದ ನೋವಿನಿಂದ ಬಾಟಲಿ ಮುಚ್ಚಳ ತಿರುಗಿಸಲು, ಬೀಗದ ಕೈ ತಿರುಗಿಸಲು ಕಷ್ಟವಾದರೆ ಅದು ಕೆಲಸದಿಂದ ಬಂದ ನೋವಿನ ಗುರುತು. ವ್ಯಾಯಾಮ ನಿಲ್ಲಿಸುವ ಮುಂಚೆ ಕೆಲಸದ ರೀತಿ ಬದಲಿಸಿ: ಹೆಬ್ಬೆರಳಿನಿಂದ ಒತ್ತುವ ಕಡೆ ಅಂಗೈ ಅಂಚು, ಮೊಣಕೈ ಬಳಸಿ, ಕೌಚಿನ ಎತ್ತರ ಸರಿಮಾಡಿ. ಬೆಳಗಿನ ನಾಡಿ ಮೂರು ನಾಲ್ಕು ದಿನ ಎಂದಿಗಿಂತ ಜಾಸ್ತಿ ಇದ್ದು, ನಿದ್ದೆಯೂ ಸರಿಯಿಲ್ಲದಿದ್ದರೆ ಆ ವಾರ ಹಗುರ ಮಾಡಿ.

ಕೆಳಗಿನವು ಬಂದರೆ ಮಾತ್ರ ಸ್ವಂತ ಚಿಕಿತ್ಸೆ ಬೇಡ, ಆ ಕ್ಷಣಕ್ಕೆ ನಿಲ್ಲಿಸಿ:

- ಶ್ರಮಪಟ್ಟಾಗ ಎದೆ ಬಿಗಿತ, ದವಡೆಗೋ ತೋಳಿಗೋ ಹರಡುವ ನೋವು, ಎದೆ ಹಾರಿದಂತಾಗಿ ಕಣ್ಣು ಕತ್ತಲೆ. ಇದಕ್ಕೆ ಇಸಿಜಿ, ತಕ್ಷಣ. ಗ್ಯಾಸ್ ಅಂತ ಮಾತ್ರೆ ನುಂಗಿ ಕೂರಬೇಡಿ.
- ಬೆನ್ನುನೋವಿನ ಜೊತೆ ಗುಪ್ತಭಾಗದ ಸುತ್ತ ಮರಗಟ್ಟುವಿಕೆ, ಮೂತ್ರ ಹೋಗದಿರುವುದು ಅಥವಾ ಹಿಡಿತ ತಪ್ಪುವುದು, ಕಾಲು ಸೋಲುವುದು. ತುರ್ತು ವಿಭಾಗಕ್ಕೆ ಹೋಗಿ.
- ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುವುದು. ಮಸಾಜ್ ಮಾಡಿಸಿಕೊಳ್ಳಬೇಡಿ.

ಇವೆಲ್ಲ ನಿಮಗೆ ಬಾಯಿಪಾಠ ಅಂತ ಗೊತ್ತು. ಪೇಷೆಂಟಿನ ಮೈಯಲ್ಲಿ ಕಂಡರೆ ಒಂದು ನಿಮಿಷವೂ ಕಾಯುವುದಿಲ್ಲ. ತಮಗೇ ಬಂದಾಗ "ಟೇಪ್ ಹಾಕ್ಕೊಂಡು ಡ್ಯೂಟಿ ಮುಗಿಸ್ತೀನಿ" ಅನ್ನುವವರಿಗಾಗಿ ಬರೆದದ್ದು.

## ವಾರ ತಪ್ಪಿದರೆ

ಸಹೋದ್ಯೋಗಿ ರಜೆ ಹಾಕುತ್ತಾರೆ, ಇಬ್ಬರ ಕೆಲಸ ನಿಮ್ಮ ತಲೆಗೆ ಬರುತ್ತದೆ. ತಂಗಿ ಮದುವೆ ಬರುತ್ತದೆ. ಒಂದು ವಾರ ತಪ್ಪಿದರೆ ಹಿಂದಿನ ವಾರದ ಡೋಸನ್ನೇ ಮತ್ತೆ ಮಾಡಿ, ತಪ್ಪಿದ್ದನ್ನು ಸೇರಿಸಿ ದುಪ್ಪಟ್ಟು ಮಾಡಬೇಡಿ. ಮೂರು ವಾರ ತಪ್ಪಿದ್ದರೆ ಸೆಟ್ಟು ಒಂದಕ್ಕೆ ಇಳಿಸಿ, ನಡಿಗೆ ಅರ್ಧ ಮಾಡಿ, ಎರಡು ವಾರದಲ್ಲಿ ಹಳೆಯ ಮಟ್ಟಕ್ಕೆ ಬನ್ನಿ.

ತೀರಾ ಹೊತ್ತಿಲ್ಲದ ವಾರಕ್ಕೆ ಕನಿಷ್ಠ ಡೋಸ್ ಒಂದಿರಲಿ: ಬ್ಯಾಗ್ ಎತ್ತುವುದು, ಬ್ಯಾಂಡ್ ಎಳೆಯುವುದು, ಪುಷ್‌ಅಪ್, ತಲಾ ಒಂದು ಸೆಟ್, ಒಂದೇ ದಿನ. 8 ನಿಮಿಷದಲ್ಲಿ ಮುಗಿಯುತ್ತದೆ. ನೋಟ್‌ಬುಕ್ಕಿನಲ್ಲಿ ಆ ವಾರವನ್ನೂ ಬರೆಯಿರಿ.

ಜ್ವರ ಬಂದು ಹೋಗಿದ್ದರೆ, ಅದರಲ್ಲೂ ಡೆಂಗಿ ಆಗಿದ್ದರೆ, ಲೆಕ್ಕ ಬೇರೆ. ಪ್ಲೇಟ್‌ಲೆಟ್ ಸರಿಯಾಯಿತು ಅಂತ ಮರುದಿನವೇ ಭಾರ ಎತ್ತಬೇಡಿ. ವೈದ್ಯರು ಸರಿ ಅಂದ ಮೇಲೆ ಮೊದಲ ವಾರ ಬರೀ ನಡಿಗೆ, 10 ನಿಮಿಷ. ಸುಸ್ತು ಮರುದಿನಕ್ಕೂ ಉಳಿಯದಿದ್ದರೆ ಹಂತ 4ಕ್ಕೆ ಹೋಗಿ, ಖಾಲಿ ಬ್ಯಾಗಿನಿಂದ.